ಎಡದಂಡೆಯ ಹಕ್ಕಿಗಳು

"ಕನ್ನಡಕ ತೆಗೀರಿ. ಮಲಗಿರೋರಿಗೆ ಯಾರಾದ್ರೂ ಕನ್ನಡಕ ಹಾಕ್ತಾರೇನ್ರೀ?" ಎಂದು ತೀರಿಹೋದ ಮೇಡಂ ಅವರ ತಮ್ಮನಾದ ಮೇಷ್ಟ್ರು ಶವಪೆಟ್ಟಿಗೆಯೊಳಕ್ಕೆ ಕೈ ಚಾಚುವಷ್ಟರಲ್ಲಿ ಪೆನ್ಸಿಲ್ ಅವರ ಮಣಿಕಟ್ಟನ್ನು ಹಿಡಿದುಬಿಟ್ಟಳು.

ಹಿಡಿದ ಮೇಲೆ ಅವಳಿಗೇ ಗಾಬರಿಯಾಯಿತು. ಸಂಶೋಧನಾ ಕೇಂದ್ರದ ಕೆಳಮಹಡಿಯ ಹಾಲ್‌ನಲ್ಲಿ ಇಪ್ಪತ್ತೈದು ಮೂವತ್ತು ಜನ ನಿಂತಿದ್ದರು. ಪುಸ್ತಕದ ಕೋಣೆಯಿಂದ ಎಳೆದು ತಂದ ಎರಡು ಮೇಜುಗಳ ಮೇಲೆ ಪೆಟ್ಟಿಗೆ ಇತ್ತು. ಎಲ್ಲರ ಕಣ್ಣೂ ಈಗ ಅವಳ ಕೈಯ ಮೇಲೆ.

"ತಪ್ಪಾಯ್ತು ಸರ್. ಆದ್ರೆ ಕನ್ನಡಕ ಇಲ್ದಿದ್ರೆ ಮೇಡಂ ಥರಾನೇ ಕಾಣಲ್ಲ."

"ನನ್ನಕ್ಕನ ಮುಖ ಹೇಗಿತ್ತು ಅಂತ ನೀವು ನನಗೆ ಹೇಳಿಕೊಡ್ಬೇಕಾ?"

ಆ ಮಾತಿನಲ್ಲೂ ನ್ಯಾಯವಿತ್ತು. ನಿವೃತ್ತ ಮೇಷ್ಟ್ರಾದ ಅವರಿಗೆ ಗೊತ್ತಿದ್ದುದು ಕನ್ನಡಕ ಬರುವುದಕ್ಕೆ ಮುಂಚಿನ ಅಕ್ಕ. ಪೆನ್ಸಿಲ್‌ಗೆ ಗೊತ್ತಿದ್ದುದು ಸೂರ್ಯ ಹುಟ್ಟುವ ಮೊದಲೇ ರಬ್ಬರ್ ಬೂಟು ಹಾಕಿಕೊಂಡು, ಕನ್ನಡಕದ ಮಂಜನ್ನು ಅಂಗಿಯ ತುದಿಯಿಂದ ಒರೆಸುತ್ತಾ, ಮಂಜಿಗೂ ಅಂಗಿಗೂ ಬೈಯುತ್ತಾ ನಡೆಯುವ ಮೇಡಂ. ಕೊನೆಗೆ ಇಬ್ಬರೂ ಅರ್ಧರ್ಧ ಗೆದ್ದರು. ಕನ್ನಡಕ ಮುಖದಿಂದ ಇಳಿದು, ಎದೆಯ ಮೇಲಿದ್ದ ಕೈಗಳ ಅಡಿಗೆ ಹೋಯಿತು. ಮೇಷ್ಟ್ರು ಗಡಿಯಾರ ನೋಡಿಕೊಂಡರು. ನಾಲ್ಕಕ್ಕೆ ಗಾಡಿ ಬರುವುದಿತ್ತು.

ಪೆನ್ಸಿಲ್ ಎಂಬುದು ಮೇಡಂ ಇಟ್ಟ ಹೆಸರು. ಜೌಗಿನ ಮಂಜಿನಲ್ಲಿ ಶಾಯಿ ಹರಡುತ್ತದೆಂದು ಯಾವಾಗಲೂ ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಿದ್ದವಳು ಬರಬರುತ್ತಾ ತಾನೇ ಪೆನ್ಸಿಲ್ ಆದಳು. ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯಿತು. ಇಪ್ಪತ್ತೆರಡು ವರ್ಷ ಅವಳು ಮಾಡಿದ ಕೆಲಸ ಒಂದೇ: ಮೇಡಂ ಬಾಯಲ್ಲಿ ಹೇಳಿದ ಹಕ್ಕಿಗಳ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆಯುವುದು. ಅಷ್ಟಕ್ಕೆ ಒಬ್ಬಳು ಬೇಕೇ ಎಂದು ಮೂಗು ಮುರಿಯುವವರು ಕೇಂದ್ರದಲ್ಲಿ ಬಹಳ ಮಂದಿ ಇದ್ದರು.

ಕಿಟಕಿಯಿಂದ ನೋಡಿದರೆ ಗೇಟಿನ ಹೊರಗೆ ಜೊಂಡು ಕೊಯ್ಯುವವರ ಗುಂಪು ಕಾಣುತ್ತಿತ್ತು. ಒಳಗೆ ಬರಬಹುದೋ ಇಲ್ಲವೋ ಎಂದು ಅನುಮಾನಿಸುತ್ತಾ ನಿಂತಿದ್ದ ಅವರ ನಡುವೆ ಅವಳ ಸ್ವಂತ ಅಕ್ಕನೂ ಇದ್ದಳು. ಪೆನ್ಸಿಲ್ ಕಿಟಕಿಯಿಂದ ಈಚೆ ಸರಿದು ನಿಂತಳು.

*

ಮೇಡಂ ಮೊದಲ ಹದಿನೆಂಟು ವರ್ಷ ಕಳೆದದ್ದು ಕತ್ತಲೆ ಕೋಣೆಯಲ್ಲಿ. ಕಪ್ಪೆಯ ಕಣ್ಣಿನಿಂದ ಮಿದುಳಿಗೆ ಹೋಗುವ ನರಕ್ಕೆ ಕೂದಲಿಗಿಂತ ತೆಳುವಾದ ತಂತಿ ತಾಗಿಸಿ, ಎದುರಿನ ಪರದೆಯ ಮೇಲೆ ಚುಕ್ಕೆಗಳನ್ನು ಓಡಿಸಿ, ಯಾವ ಚುಕ್ಕೆಗೆ ಯಾವ ನರ ಟಪಟಪ ಎನ್ನುತ್ತದೆಂದು ಕೇಳುತ್ತಾ ಕೂತಿರುತ್ತಿದ್ದರು. ಆ ಕಪ್ಪೆಗಳನ್ನು ತಂದುಕೊಡುತ್ತಿದ್ದವನು ಪೆನ್ಸಿಲ್‌ಳ ಅಪ್ಪ. ಊರಾಚೆಯ ಜೌಗಿನಲ್ಲಿ ಜೊಂಡು ಕೊಯ್ದು ಚಾಪೆ ಹೆಣೆಯುವುದು ಅವನ ಕಸುಬು; ಕಪ್ಪೆ ಹಿಡಿಯುವುದು ಬಿಡುವಿನ ಕೆಲಸ. ಒಂದು ವರ್ಷ ಅವನ ಬಕೆಟ್ಟಿನಲ್ಲಿ ನಲವತ್ತರ ಬದಲು ಆರೇ ಕಪ್ಪೆ ಬಂದವು.

"ಉಳಿದವು ಎಲ್ಲಿ?" ಎಂದು ಮೇಡಂ ಗದರಿದರು.

"ನನ್ನನ್ನ ಕೇಳಿದ್ರೆ ಏನು ಹೇಳ್ಲಿ? ನೀವೇ ಬಂದು ನೋಡಿ ತಾಯಿ."

ಮೇಡಂ ನೋಡಲು ಹೋದರು. ಹೋದವರು ಇನ್ನೂ ವಾಪಸ್ಸು ಬಂದಿಲ್ಲ ಎಂದು ಕೇಂದ್ರದಲ್ಲಿ ವರ್ಷಗಟ್ಟಲೆ ತಮಾಷೆ ನಡೆಯಿತು. "ಕಪ್ಪೆ ಏನು ನೋಡುತ್ತೆ ಅಂತ ಹದಿನೆಂಟು ವರ್ಷ ಕಪ್ಪೇನ ಕೇಳಿದೆ. ಅದು ನೋಡೋ ಜಾಗಾನ ಒಂದು ಸಲಾನಾದ್ರೂ ನೋಡಿದ್ನಾ? ಎಂಥಾ ದಡ್ಡಿ ನಾನು!" ಎಂದು ಅವರೇ ಹೇಳಿಕೊಂಡು ನಗುತ್ತಿದ್ದರು. ಜೊಂಡಿನವರು ಅವರನ್ನು ಕಣ್ಣಿನ ಡಾಕ್ಟರಮ್ಮ ಎಂದು ಕರೆದು, ಕಣ್ಣು ಕೆಂಪಾದ ಮಕ್ಕಳನ್ನು ಎತ್ತಿಕೊಂಡು ಬಂದು ಸಾಲಾಗಿ ಕೂರುತ್ತಿದ್ದರು. "ನಾನು ಕಪ್ಪೆ ಕಣ್ಣಿನ ಡಾಕ್ಟ್ರು ಕಣ್ರೋ!" ಎಂದು ಕೂಗಾಡಿದರೂ ಯಾರೂ ಎದ್ದು ಹೋಗುತ್ತಿರಲಿಲ್ಲ. ಮುಂದೆ ಮೇಡಂ ಔಷಧಿ ಅಂಗಡಿಯಿಂದ ಕಣ್ಣಿನ ಹನಿಯನ್ನು ತಾವೇ ತಂದಿಟ್ಟುಕೊಂಡರು.

ಜೌಗಿನ ಸ್ಥಿತಿ ತಿಳಿಯಲು ಹಕ್ಕಿ ಎಣಿಸತೊಡಗಿದ ಅವರು ಅದಕ್ಕೂ ಕತ್ತಲೆ ಕೋಣೆಯ ವಿದ್ಯೆಯನ್ನೇ ತಂದರು. ಜೌಗಿನ ಅಂಚಿನಲ್ಲಿ ಅಟ್ಟಣೆ ಕಟ್ಟಿಸಿ, ನೀರಿನ ನಟ್ಟನಡುವೆ ಒಂದು ಬಿಳಿ ಕಂಬ ನೆಡಿಸಿದರು. ಬೆಳಕು ಹರಿಯುವಾಗ ಹತ್ತು ನಿಮಿಷ ಆ ಕಂಬದಿಂದ ಕಣ್ಣು ಕದಲಿಸದೆ, ಎಡದಂಡೆಯಿಂದ ಎಷ್ಟು ಹಕ್ಕಿ ಎದ್ದವು, ಬಲದಂಡೆಯಿಂದ ಎಷ್ಟು ಎದ್ದವು ಎಂದು ಹೇಳುತ್ತಿದ್ದರು. ಕಣ್ಣನ್ನು ಅತ್ತಿತ್ತ ಓಡಿಸಿದರೆ ಒಂದೇ ಹಕ್ಕಿಯನ್ನು ಎರಡು ಸಲ ಎಣಿಸುತ್ತೇವೆ; ಅಲುಗಿದ್ದನ್ನು ಹಿಡಿಯುವುದಕ್ಕೆ ಕಣ್ಣಿನ ಅಂಚೇ ಜಾಣ ಎಂಬುದು ಅವರ ವಾದ. ಬೇರೆಯವರಿಗೆ ಅದು ಸಾಧ್ಯವಾಗಲಿಲ್ಲ. ಮೇಡಂಗೆ ಮಾತ್ರ ನೀರು ಕುಡಿದಷ್ಟು ಸುಲಭ.

"ನೀನು ಜೌಗಿಗೆ ಬೆನ್ನು ಹಾಕಿ ಕೂತ್ಕೋ," ಎಂದು ಮೊದಲ ದಿನವೇ ಪೆನ್ಸಿಲ್‌ಗೆ ಕಟ್ಟುನಿಟ್ಟು ಮಾಡಿದ್ದರು. "ನೀನು ನೋಡಿದ್ರೆ ನಿನ್ನ ಮುಖ ನೋಡಿ ನನ್ನ ಲೆಕ್ಕ ಬದಲಾಗುತ್ತೆ. ನನ್ನ ಬಾಯಿ, ನಿನ್ನ ಕೈ. ಮಧ್ಯೆ ಇನ್ನೇನೂ ಬೇಡ."

*

"ಪೆನ್ಸಿಲ್, ಐದು ನಿಮಿಷ ಮೇಲಕ್ಕೆ ಬಾಮ್ಮ," ಎಂದು ನಿರ್ದೇಶಕರು ಹಾಲ್‌ನ ಬಾಗಿಲಲ್ಲಿ ಮೆಲ್ಲನೆ ಕರೆದರು. ಕತ್ತಲೆ ಕೋಣೆಯ ಕಾಲದಲ್ಲಿ ಅವರು ಮೇಡಂ ಅವರ ವಿದ್ಯಾರ್ಥಿ. ಗುರುವಿನ ಬೈಗುಳ ತಿಂದೇ ದೊಡ್ಡವರಾದವರು.

ತಮ್ಮ ಕೋಣೆಯ ಬಾಗಿಲು ಹಾಕಿ, ಮೇಜಿನ ಡ್ರಾಯರ್‌ನಿಂದ ಒಂದು ಕಪ್ಪು ಹಾಳೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಆಸ್ಪತ್ರೆಯವರು ತೆಗೆದ ಮೇಡಂ ಅವರ ತಲೆಯ ಚಿತ್ರ.

"ಇದು ಮೊನ್ನೆ ಮಿದುಳಿಗೆ ಆದ ಆಘಾತ. ಜೀವ ತೆಗೆದಿದ್ದು ಇದೇ. ಈಗ ಇಲ್ಲಿ ನೋಡು, ಹಿಂದುಗಡೆ, ಬಲಕ್ಕೆ. ಇದು ಹಳೇ ಗಾಯ. ಏಳೆಂಟು ವರ್ಷದ್ದು. ಯಾರಿಗೂ ಗೊತ್ತಾಗದ ಹಾಗೆ ಬಂದು ಹೋಗಿದೆ."

ಪೆನ್ಸಿಲ್ ಹಾಳೆಯ ಹತ್ತಿರಕ್ಕೆ ಬಗ್ಗಿದಳು.

"ನೋಡೋ ಕೆಲಸ ನಡೆಯೋದೇ ಅಲ್ಲಿ. ಬಲಗಡೆ ಪೆಟ್ಟಾದ್ರೆ ಎಡಗಡೆ ಇರೋದು ಕಾಣಲ್ಲ. ಕಾಣ್ತಿಲ್ಲ ಅನ್ನೋದೂ ಗೊತ್ತಾಗಲ್ಲ. ಇದನ್ನ ನಮಗೆ ಪಾಠ ಮಾಡಿದ್ದು ಅವರೇ. ಮಿದುಳು ಆ ಜಾಗಾನ ಖಾಲಿ ಬಿಡಲ್ಲ, ಏನಾದ್ರೂ ತುಂಬಿಬಿಡುತ್ತೆ. ಸುತ್ತ ಜೊಂಡಿದ್ರೆ ಅಲ್ಲೂ ಜೊಂಡು, ನೀರಿದ್ರೆ ನೀರು. ಹಕ್ಕಿ ಎದ್ದರೆ ಮಾತ್ರ ಕಾಣಲ್ಲ." ಅವರು ಕುರ್ಚಿಯಲ್ಲಿ ಕುಸಿದು ಕೂತರು. "ಎರಡು ದಿನ ನನಗೆ ನಿದ್ದೆ ಇಲ್ಲ. ಎಡದಂಡೇಲಿ ಹಕ್ಕಿ ಇಲ್ಲ, ಜೊಂಡು ಕೊಯ್ಯೋದ್ರಿಂದ ಎದ್ದು ಹೋಗಿವೆ ಅಂತ ನಾವು ಕೊಟ್ಟ ವರದಿ ಮೇಲೇ ಅಲ್ಲಿ ಬೇಲಿ ಹಾಕಿದ್ದು, ಜೊಂಡು ಕೊಯ್ಯೋರನ್ನ ಹೊರಗೆ ಹಾಕಿದ್ದು. ಅದೆಲ್ಲ ಬರೀ ಕಣ್ಣಿನ ತಪ್ಪಾಗಿದ್ರೆ? ಆಮೇಲೆ ನಿನ್ನ ಪುಸ್ತಕ ನೆನಪಾಯ್ತು."

ಪೆನ್ಸಿಲ್ ಹಾಳೆಯಿಂದ ಕಣ್ಣು ತೆಗೆದು ಬಾಗಿಲ ಕಡೆ ನೋಡಿದಳು.

"ವರದಿಗೆ ಮುಂಚೆ ಒಂದು ತಿಂಗಳು ನೀನು ಬೇರೆಯಾಗಿ ಎಣಿಸಿದ್ಯಲ್ಲ? ನಿನ್ನೆ ತೆಗೆದು ನೋಡಿದೆ. ಮೂವತ್ತು ದಿನಾನೂ ತಾಳೆಯಾಗುತ್ತೆ. ಅವರ ಕಣ್ಣು ಹೋಗಿದ್ರೂ ನಿನ್ನ ಕಣ್ಣಿತ್ತು. ನೀನಿಲ್ದಿದ್ರೆ ಮುಳುಗಿಹೋಗ್ತಿದ್ವಿ ಕಣಮ್ಮ." ಅವರ ಮುಖದಲ್ಲಿ ಎರಡು ದಿನದಲ್ಲಿ ಮೊದಲ ಸಲ ನಗು ಮೂಡಿತು. "ಇವತ್ತು ಸ್ಮಶಾನದಲ್ಲಿ ಹೇಳಿಬಿಡ್ತೀನಿ. ಎಡದಂಡೆ ಇನ್ನು ಶಾಶ್ವತವಾಗಿ ಮುಚ್ಚುತ್ತೆ, ಅವರ ಹೆಸರಲ್ಲಿ. ನಾಳೆ ಆದೇಶಕ್ಕೆ ಸಹಿ ಬೀಳುತ್ತೆ."

"ಸರ್, ಆ ತಿಂಗಳು…" ಎಂದು ಪೆನ್ಸಿಲ್ ಶುರು ಮಾಡಿದಳು.

ನಿರ್ದೇಶಕರು ತಲೆಯೆತ್ತಿ ಅವಳ ಮುಖ ನೋಡಿದರು. ಮೂಡಿದ ನಗು ಹಾಗೇ ಇಂಗಿತು.

"ಹೇಳ್ಬೇಡ."

"ಸರ್—"

"ಹೇಳ್ಬೇಡ ಅಂದೆ. ಕೇಳಿಸ್ಕೊಂಡ್ರೆ ನಾನು ಸುಮ್ನಿರೋಕಾಗಲ್ಲ." ದನಿ ತಗ್ಗಿಸಿದರು. "ಆ ಪುಸ್ತಕ ಬಿದ್ರೆ ಎಡದಂಡೆ ಒಂದೇ ಬೀಳಲ್ಲ, ತಿಳ್ಕೋ. ಇಪ್ಪತ್ತೆರಡು ವರ್ಷದ ಲೆಕ್ಕ ಬೀಳುತ್ತೆ. ಮಣ್ಣು ತುಂಬಿ ಮನೆ ಕಟ್ಟೋಕೆ ಎಷ್ಟು ಜನ ಕಾಯ್ತಿದ್ದಾರೆ ಗೊತ್ತಾ? ಜೌಗೇ ಇರಲ್ಲ. ಹಕ್ಕಿ ಇರಲ್ಲ, ಜೊಂಡೂ ಇರಲ್ಲ. ಮುಖ ತೊಳ್ಕೊಂಡು ಕೆಳಗೆ ಬಾ."

*

ಅದೆಲ್ಲ ಶುರುವಾದದ್ದು ಏಳೆಂಟು ವರ್ಷದ ಹಿಂದೆ, ಟೀ ಲೋಟದಿಂದ. ಎಡಗಡೆ ಇಟ್ಟ ಲೋಟ ಆರಿ ತಣ್ಣಗಾದರೂ ಮೇಡಂ ಮುಟ್ಟುತ್ತಿರಲಿಲ್ಲ. "ಟೀ ಎಲ್ಲೇ?" ಎಂದು ಕೇಳಿದರೆ ಪೆನ್ಸಿಲ್ ಏನೂ ಅನ್ನದೆ ಲೋಟವನ್ನು ಬಲಗಡೆಗೆ ಸರಿಸುತ್ತಿದ್ದಳು. ಮೇಡಂ ಅವರ ಎಡ ಭುಜ ಬಾಗಿಲ ಚೌಕಟ್ಟಿಗೆ ಬಡಿಯತೊಡಗಿದ ಮೇಲೆ ಅವಳು ಆ ಬದಿಯಲ್ಲೇ ನಡೆಯುವುದನ್ನು ರೂಢಿ ಮಾಡಿಕೊಂಡಳು. ಬಸ್ಸು, ಸೈಕಲ್ಲು, ಮೆಟ್ಟಿಲು, ಎಲ್ಲವೂ ಮೊದಲು ಅವಳಿಗೆ ಸಿಗುತ್ತಿದ್ದವು. ಪ್ರೀತಿ ಎಂದರೆ ಇದೇ ಎಂದು ಅವಳು ತಿಳಿದಿದ್ದಳು. ತಪ್ಪು ತಿಳಿದಿರಲಿಲ್ಲ ಎಂದೂ ಹೇಳಬಹುದು.

ಆದರೆ ಎಡದಂಡೆಯ ಸಂಖ್ಯೆ ಒಂದೇ ಸಮನೆ ಇಳಿಯುತ್ತಿತ್ತು. ಒಂದು ದಿನ ಮೇಡಂ ಹೇಳಿದರು: "ನನ್ನ ಕಣ್ಣಿಗೆ ವಯಸ್ಸಾಯ್ತೋ, ಹಕ್ಕಿಗಳಿಗೆ ಬೇಜಾರಾಯ್ತೋ? ವರದಿ ಕಳಿಸೋ ಮುಂಚೆ ನನ್ನನ್ನೂ ಪರೀಕ್ಷೆ ಮಾಡ್ಬೇಕು. ನಾಳೆಯಿಂದ ನೀನು ಈ ಕಡೆ ತಿರುಗಿ ಕೂತು ಎಣಿಸು. ನಿನಗೆ ಕಣ್ಣು ಹೇಗೆ ಓಡಿಸ್ಬೇಕು ಅನ್ಸುತ್ತೋ ಹಾಗೆ ಓಡಿಸು. ನಿನ್ನ ಪುಸ್ತಕ ನಿನಗೆ, ನನ್ನದು ನನಗೆ."

ಮರುದಿನ ಪೆನ್ಸಿಲ್ ಮೊದಲ ಸಲ ಜೌಗಿಗೆ ಮುಖ ಮಾಡಿ ಕೂತಳು. ಎಡದಂಡೆಯಿಂದ ನೂರಾ ಎಂಬತ್ತಾರು ಹಕ್ಕಿ ಎದ್ದವು. ಅವಳು ಎರಡು ಸಲ ಎಣಿಸಿದ್ದಳು. ಪಕ್ಕದಲ್ಲಿ ಮೇಡಂ, ಸಂಖ್ಯೆಯನ್ನು ಬಾಯಲ್ಲೇ ಗೊಣಗುವ ಹಳೆಯ ಅಭ್ಯಾಸದಂತೆ, "ಎಡ… ಮೂವತ್ತೊಂದು" ಎಂದರು.

ಪೆನ್ಸಿಲ್‌ಳ ಕೈ ನಿಂತುಹೋಯಿತು. ನೂರಾ ಎಂಬತ್ತಾರು ಎಂದು ಬರೆದರೆ ತಿಂಗಳ ಕೊನೆಗೆ ಇವರಿಗೆ ಗೊತ್ತಾಗುವುದು ಹಕ್ಕಿಯ ಸಂಗತಿಯಲ್ಲ. ನೋಡುವುದೊಂದನ್ನೇ ಬದುಕು ಮಾಡಿಕೊಂಡವರಿಗೆ ಕಣ್ಣು ಹೋಗಿದೆ ಎಂದು ತನ್ನ ಕೈಬರಹದಲ್ಲಿ ತೋರಿಸುವುದೇ? ಅಟ್ಟಣೆಯಿಂದ ಇಳಿಸಿ ಮನೆಗೆ ಕಳಿಸಿಬಿಡುತ್ತಾರೆ. ಆಮೇಲೆ ಇವರು ಏನು ಮಾಡಿಕೊಂಡಿರುತ್ತಾರೆ? ಅವಳು ಮೂವತ್ತಮೂರು ಎಂದು ಬರೆದಳು. ಮರುದಿನ ಇಪ್ಪತ್ತೆಂಟಕ್ಕೆ ಇಪ್ಪತ್ತೊಂಬತ್ತು. ಪೂರ್ತಿ ಒಂದೇ ಸಂಖ್ಯೆ ಬಂದರೆ ಅನುಮಾನ ಹುಟ್ಟುತ್ತದೆ ಎಂಬ ಬುದ್ಧಿಯೂ ಆ ಹೊತ್ತಿಗೆ ಓಡಿತ್ತು.

ತಿಂಗಳು ಮುಗಿದ ದಿನ ಮೇಡಂ ಎರಡೂ ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ಬೆರಳಿನಿಂದ ಸಾಲುಸಾಲಾಗಿ ನೋಡಿದರು. "ಕಣ್ಣು ಸರಿಯಾಗಿದೆ ಕಣೇ!" ಎಂದು ಅವಳ ಬೆನ್ನಿಗೆ ಗುದ್ದಿದರು. ಮರುಗಳಿಗೆಯಲ್ಲೇ, ಹಾಗಾದರೆ ಹಕ್ಕಿಗಳು ನಿಜವಾಗಿಯೂ ಹೋದವು ಎಂದು ಅತ್ತುಬಿಟ್ಟರು.

ವರದಿ ಎಂದರೆ ಕಪಾಟಿನಲ್ಲಿ ಧೂಳು ತಿನ್ನುವ ವಸ್ತು ಎಂದೇ ಪೆನ್ಸಿಲ್ ಅಲ್ಲಿಯವರೆಗೆ ನಂಬಿದ್ದಳು. ಎರಡೇ ತಿಂಗಳಲ್ಲಿ ಎಡದಂಡೆಗೆ ತಂತಿಬೇಲಿ ಬಂತು. ಅಲ್ಲಿ ಜೊಂಡು ಕೊಯ್ಯುತ್ತಿದ್ದ ಅಕ್ಕ ಬಸ್ ನಿಲ್ದಾಣದ ನೆಲ ಒರೆಸುವ ಕೆಲಸಕ್ಕೆ ಸೇರಿದಳು. ಅಂದೇ ಹೇಳಬಹುದಿತ್ತು. ಪೆನ್ಸಿಲ್ ಹೇಳಲಿಲ್ಲ. ಆಮೇಲೆ ಪ್ರತಿ ದಿನವೂ ಹಿಂದಿನ ದಿನಕ್ಕಿಂತ ಕಷ್ಟವಾಗುತ್ತಾ ಹೋಯಿತು, ಏಳು ವರ್ಷ.

*

ಪೆನ್ಸಿಲ್ ಮುಖ ತೊಳೆಯಲು ಇಳಿದು ಬಂದಾಗ ಕೇಂದ್ರದ ಹಿತ್ತಲ ನಲ್ಲಿಯ ಹತ್ತಿರ ಅಕ್ಕ ಲೋಟ ತೊಳೆಯುತ್ತಾ ಕೂತಿದ್ದಳು. ಯಾರೂ ಹೇಳಿರಲಿಲ್ಲ, ಸುಮ್ಮನೆ ನಿಲ್ಲುವುದು ಅವಳಿಗೆ ಒಗ್ಗದು.

"ಒಳಗೆ ಬಂದು ನೋಡಿದ್ಯಾ ಅಕ್ಕ?"

"ನೋಡಿದೆ. ಕನ್ನಡಕ ಕೈಯಲ್ಲಿ ಇಟ್ಟಿದ್ದಾರಲ್ಲ, ಪಾಪ." ಅಕ್ಕ ಲೋಟವನ್ನು ಬೋರಲು ಹಾಕಿದಳು. "ನಿನ್ನ ಮುಖ ಯಾಕೆ ಹಿಂಗಾಗಿದೆ? ಏನಾದ್ರೂ ತಿಂದ್ಯಾ?"

"ನಿಂಗೆ ಮೇಡಂ ಮೇಲೆ ಸಿಟ್ಟಿಲ್ವಾ?"

"ಯಾತಕ್ಕೆ?"

"ಬೇಲಿ ಹಾಕ್ಸಿದ್ದಕ್ಕೆ."

ಅಕ್ಕ ನಲ್ಲಿ ನಿಲ್ಲಿಸಿದಳು. "ಸಿಟ್ಟು ಬಂದಿದ್ದು ನನ್ನ ಮೇಲೇ ಕಣೇ. ಅವರು ಸುಳ್ಳು ಹೇಳೋ ಹೆಂಗಸಾ? ಆ ವರ್ಷ ಗೂಡಿದ್ದ ಕಡೇನೂ ಎರಡು ಹೊರೆ ಕೊಯ್ದಿದ್ದೆ ನಾನು, ಆಸೆ ಬಿದ್ದು. ಅದಕ್ಕೇ ಎದ್ದು ಹೋದ್ವು ಅಂತ ಅಂದ್ಕೊಂಡೆ. ನಮ್ಮ ಜನಕ್ಕೆಲ್ಲ ನನ್ನಿಂದಾನೇ ಹೊಟ್ಟೆ ಮೇಲೆ ಹೊಡೆತ ಬಿತ್ತು ಅಂತ ಇವತ್ತಿಗೂ ತಲೆಯೆತ್ತಿ ನಡಿಯೋಕಾಗಲ್ಲ."

"ಅಕ್ಕ, ಹಾಗಲ್ಲ—"

"ಒಂದು ಮಾತು ಹೇಳ್ಲಾ? ನಗ್ಬೇಡ. ಬೇಲಿ ಹಾಕಿದ ಮೇಲೂ ಕೆಲಸಕ್ಕೆ ಹೋಗೋವಾಗ ಈಚೆ ನಿಂತು ನೋಡ್ತಿದ್ದೆ. ನನಗೆ ಹಕ್ಕಿ ಕಾಣ್ತಿದ್ವು. ರಾಶಿ ರಾಶಿ ಏಳ್ತಿದ್ವು. ನನ್ನ ಕಣ್ಣಿಗೇ ಏನೋ ಆಗಿದೆ ಅಂದ್ಕೊಂಡೆ. ಕಣ್ಣಿನ ಡಾಕ್ಟರಮ್ಮನೇ ಇಲ್ಲ ಅಂದ್ಮೇಲೆ ನಾನು ಇದೆ ಅನ್ನೋಕೆ ಯಾರು? ಆಮೇಲೆ ಆ ಕಡೆ ನೋಡೋದೇ ಬಿಟ್ಟೆ."

ಪೆನ್ಸಿಲ್ ಅಕ್ಕನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಬಾಯಿ ತೆರೆಯುವಷ್ಟರಲ್ಲಿ ಮುಂಬಾಗಿಲಲ್ಲಿ ಗಾಡಿಯ ಹಾರನ್ ಕೇಳಿಸಿತು. ಅಕ್ಕ ಕೈ ಒರೆಸಿಕೊಂಡು ಎದ್ದಳು.

*

ಸ್ಮಶಾನದಲ್ಲಿ ಗುಂಡಿಯ ಒಂದು ಕಡೆ ಕೇಂದ್ರದವರು, ಇನ್ನೊಂದು ಕಡೆ ಜೊಂಡಿನವರು ನಿಂತರು. ಯಾರೂ ಹಾಗೆ ನಿಲ್ಲಿಸಿರಲಿಲ್ಲ. ನಿರ್ದೇಶಕರು ಗುರುವಿನ ಬಗ್ಗೆ ಚೆನ್ನಾಗಿಯೇ ಮಾತಾಡಿದರು. ಆದರೆ ಒಂದು ಸಲವೂ ಪೆನ್ಸಿಲ್ ನಿಂತ ದಿಕ್ಕಿಗೆ ನೋಡಲಿಲ್ಲ. ಕೊನೆಗೆ ಜೇಬಿನಿಂದ ಮಡಿಸಿದ ಕಾಗದ ತೆಗೆದು ಕೆಮ್ಮಿದರು.

"ಸ್ವಲ್ಪ ತಡೀರಿ," ಎಂದು ಮೇಷ್ಟ್ರು ಅಡ್ಡ ಬಂದರು. "ಅದಕ್ಕೆ ಮುಂಚೆ ಈಕೆ ಎರಡು ಮಾತಾಡ್ಲಿ. ಮಧ್ಯಾಹ್ನ ನನ್ನ ಕೈ ಹಿಡಿದು ನಿಲ್ಲಿಸಿದ್ರು. ನನಗಿಂತ ಜಾಸ್ತಿ ನನ್ನಕ್ಕನ ಜೊತೆ ಇದ್ದೋರು."

"ಬೇಡ ಸರ್. ಅವರಿಗೆ ತುಂಬಾ ದುಃಖ ಆಗಿದೆ," ಎಂದರು ನಿರ್ದೇಶಕರು ಅವಸರದಿಂದ.

"ದುಃಖ ಆದೋರು ಮಾತಾಡ್ದೆ ಇನ್ಯಾರು ಮಾತಾಡ್ಬೇಕು? ಹೇಳಮ್ಮ."

ಎಲ್ಲರೂ ಅವಳತ್ತ ತಿರುಗಿದರು. ಈಗ ಮೇಡಂ ಒಳ್ಳೆಯವರು ಎಂದು ಹೇಳಿ ಕೈ ಮುಗಿದರೆ ಸಾಕಿತ್ತು. ಜೌಗು ಉಳಿಯುತ್ತಿತ್ತು, ಮೇಡಂ ಹೆಸರು ಉಳಿಯುತ್ತಿತ್ತು, ಅವಳ ಕೆಲಸವೂ ಉಳಿಯುತ್ತಿತ್ತು. ಎದುರುಗಡೆ ಅಕ್ಕ ತಲೆ ತಗ್ಗಿಸಿ ನಿಂತಿದ್ದಳು. ಅವಳು ದುಃಖಕ್ಕೆ ತಲೆ ತಗ್ಗಿಸಿರಲಿಲ್ಲ, ಏಳು ವರ್ಷದಿಂದ ಹಾಗೆಯೇ ನಿಲ್ಲುತ್ತಿದ್ದಳು.

"ಎಡದಂಡೇಲಿ ಹಕ್ಕಿ ಇದ್ವು," ಎಂದಳು ಪೆನ್ಸಿಲ್.

ಕಾಗದ ಹಿಡಿದ ನಿರ್ದೇಶಕರ ಕೈ ಕೆಳಗಿಳಿಯಿತು.

"ಮೇಡಂ ಸುಳ್ಳು ಹೇಳ್ಲಿಲ್ಲ. ಅವರಿಗೆ ಎಡಗಡೆ ಕಾಣ್ತಿರ್ಲಿಲ್ಲ. ಸುಳ್ಳು ಬರ್ದಿದ್ದು ನಾನು. ಅವರು ನನ್ನನ್ನ ಬೇರೆ ಎಣಿಸು ಅಂದ್ರು. ನಾನು ಎಣಿಸ್ದೆ, ಆದ್ರೆ ಎಣಿಸಿದ್ದನ್ನ ಬರೀಲಿಲ್ಲ. ಅವರಿಗೆ ನೋವಾಗುತ್ತೆ ಅಂತ ಅವರ ಲೆಕ್ಕಕ್ಕೆ ಸರಿಹೊಂದಿಸ್ದೆ." ಅವಳು ಉಸಿರೆಳೆದುಕೊಂಡಳು. "ಮೊದಲ್ನೇ ದಿನ ನೂರಾ ಎಂಬತ್ತಾರು. ಎರಡನೇ ದಿನ ನೂರಾ ತೊಂಬತ್ತೆರಡು. ಮೂರನೇ ದಿನ ಮಂಜಿತ್ತು, ನೂರಾ ಐವತ್ತು. ನಾಲ್ಕನೇ ದಿನ—"

"ಸಾಕು," ಎಂದರು ನಿರ್ದೇಶಕರು.

ಅವಳು ನಿಲ್ಲಿಸಲಿಲ್ಲ. ಮೂವತ್ತು ದಿನದ ಸಂಖ್ಯೆಗಳೂ ಏಳು ವರ್ಷದಿಂದ ನಾಲಿಗೆಯ ತುದಿಯಲ್ಲೇ ಕಾದಿದ್ದವು. ಅವು ಮುಗಿಯುವವರೆಗೆ ಯಾರೂ ಅಲುಗಲಿಲ್ಲ. ಗುಂಡಿ ತೋಡಿದವರೂ ಗುದ್ದಲಿ ಊರಿಕೊಂಡು ನಿಂತೇ ಇದ್ದರು.

ಮೇಷ್ಟ್ರು ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದರು: "ನನ್ನಕ್ಕನಿಗೆ ಗೊತ್ತಿತ್ತಾ? ಕಾಣಲ್ಲ ಅಂತ?"

"ಇಲ್ಲ ಸರ್. ಗೊತ್ತಾಗದ ಹಾಗೆ ನೋಡ್ಕೊಂಡೆ."

ಅವರು ಮುಖ ತಿರುಗಿಸಿಕೊಂಡು ಗುಂಡಿಗೆ ಒಂದು ಹಿಡಿ ಮಣ್ಣು ಹಾಕಿದರು. ನಿರ್ದೇಶಕರು ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿಗೆ ತುರುಕಿಕೊಂಡರು. "ನಾಳೆ ಬೆಳಿಗ್ಗೆ ಬಂದು ಇದೆಲ್ಲ ಬರ್ದುಕೊಡು."

"ಉಳಿದ ಲೆಕ್ಕ ಎಲ್ಲಾ ಸರಿ ಇದೆ ಸರ್. ಬಲದಂಡೇದು, ಅದಕ್ಕೆ ಮುಂಚಿನದು, ಎಲ್ಲಾ—"

"ಸರಿ ಇದೆ ಅಂತ ಹೇಳ್ತಿರೋದು ಯಾರು? ನೀನು," ಎಂದು ಅವರು ಹೊರಟುಹೋದರು.

ಮಣ್ಣು ಮುಚ್ಚಿ ಮುಗಿಯುವಷ್ಟರಲ್ಲಿ ಜೊಂಡಿನವರು ಚದುರಿದ್ದರು. ಅಕ್ಕ ಯಾರ ಜೊತೆಗೂ ಸೇರದೆ, ಹಿಂತಿರುಗಿ ನೋಡದೆ, ಬಿರಬಿರನೆ ನಡೆದುಹೋಗುತ್ತಿದ್ದಳು. ಪೆನ್ಸಿಲ್ ಓಡುನಡಿಗೆಯಲ್ಲಿ ಅವಳನ್ನು ಹಿಂಬಾಲಿಸಿದಳು. ಕೂಗಲು ಧೈರ್ಯ ಬರಲಿಲ್ಲ.

ಜೌಗಿನ ಏರಿಗೆ ಬಂದಾಗ ಇನ್ನೂ ಬಿಸಿಲಿತ್ತು. ಎಡದಂಡೆಯ ತಂತಿಯ ಹತ್ತಿರ ಅಕ್ಕ ನಿಂತಳು, ಬಟ್ಟೆಯ ಅಂಚನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು, ಕೆಳತಂತಿಯನ್ನು ಕಾಲಿನಿಂದ ಮೆಟ್ಟಿ ಒಳಗೆ ನುಸುಳಿದಳು. ಮೊಣಕಾಲುದ್ದ ನೀರಿಗೆ ಇಳಿದಾಗ ಜೊಂಡಿನೊಳಗಿಂದ ಹಕ್ಕಿಗಳು ಭರ್ರೆಂದು ಎದ್ದು, ಒಂದು ಸುತ್ತು ತಿರುಗಿ, ಅವಳಿಂದ ಹತ್ತು ಮಾರು ದೂರದಲ್ಲಿ ಮತ್ತೆ ಇಳಿದು ತಮ್ಮ ಪಾಡಿಗೆ ಮೇಯತೊಡಗಿದವು. ಅಕ್ಕ ಅವುಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬಗ್ಗಿ, ಕುಡುಗೋಲಿಲ್ಲದ ಬರಿಗೈಯಲ್ಲಿ, ಜೊಂಡನ್ನು ಬುಡದಿಂದ ಹಿಡಿಹಿಡಿಯಾಗಿ ಕಿತ್ತಳು. ಅಂಗೈ ಸೀಳಿ ರಕ್ತ ಬಂದರೂ ನಿಲ್ಲಿಸಲಿಲ್ಲ. ಒಂದು ಹೊರೆಯಾದ ಮೇಲೆ ಜೊಂಡನ್ನೇ ಹೊಸೆದು ಬಿಗಿದು, ನೀರಿಳಿಯುವ ಹೊರೆಯನ್ನು ತಂತಿಯಾಚೆಗೆ ದೂಡಿ ತಾನೂ ಹೊರಬಂದಳು. ಸ್ಮಶಾನ ಬಿಟ್ಟ ಮೇಲೆ ಮೊದಲ ಸಲ ತಂಗಿಯ ಮುಖ ನೋಡಿದಳು.

ಹೊರೆಯನ್ನು ಎರಡೂ ಕೈಯಲ್ಲಿ ಎತ್ತಿ ಪೆನ್ಸಿಲ್‌ಳ ತಲೆಯ ಮೇಲೆ ಇಟ್ಟಳು.

"ನಡಿ," ಎಂದಳು.

ಕತ್ತು ಒಂದು ಸಲ ಕುಸಿದು ನೆಟ್ಟಗಾಯಿತು. ಕೆಸರುನೀರು ಹಣೆಯಿಂದ ಹುಬ್ಬಿಗೆ, ಹುಬ್ಬಿನಿಂದ ಕಣ್ಣಿಗೆ ಇಳಿಯಿತು. ಎರಡೂ ಕೈ ಹೊರೆಯ ಮೇಲಿದ್ದುದರಿಂದ ಒರೆಸಿಕೊಳ್ಳಲಾಗಲಿಲ್ಲ. ಏರಿಯ ಮಣ್ಣಿನಲ್ಲಿ ಅಕ್ಕನ ಒದ್ದೆ ಹೆಜ್ಜೆಗಳು ಮಂಜುಮಂಜಾಗಿ ಕಾಣುತ್ತಿದ್ದವು. ಪೆನ್ಸಿಲ್ ಒಂದೊಂದರ ಮೇಲೂ ಕಾಲಿಡುತ್ತಾ ಹಿಂದೆ ನಡೆದಳು.